ವಿದೇಶದ ಕಾನ್ಫರೆನ್ಸಿಗೆ ಹೊರಟಿದ್ದೀರಾ? ದಿನಗಳನ್ನು ಹಿಂದಿನಿಂದ ಎಣಿಸಿ

ಕಾನ್ಫರೆನ್ಸಿಗೆ ಕಳಿಸಿದ ಸಂಶೋಧನಾ ಪೇಪರ್ ಒಪ್ಪಿಗೆಯಾಯಿತು ಅನ್ನುವ ಇಮೇಲ್ ಬಂದ ದಿನ ವೀಸಾ ಯಾರಿಗೆ ನೆನಪಾಗುತ್ತದೆ? ಸ್ಲೈಡ್ ಹೇಗಿರಬೇಕು, ಯಾರ್ಯಾರು ಕೇಳಲು ಬರುತ್ತಾರೆ ಅನ್ನುವುದೇ ತಲೆ ತುಂಬ. ಆದರೆ ಒಳ್ಳೆಯ ಕೆಲಸ ಮಾಡಿದವರು ಒಂದೇ ಒಂದು ಕಾಗದ ತಡವಾಗಿದ್ದಕ್ಕೆ ಮನೆಯಲ್ಲೇ ಉಳಿದದ್ದನ್ನು ನಾನು ನೋಡಿದ್ದೇನೆ. ಅದು ಇನ್ನೊಬ್ಬರಿಗೆ ಆಗಬಾರದು.

ಮೊದಲು ಕ್ಯಾಲೆಂಡರ್ ತೆಗೆಯಿರಿ. ಕಾನ್ಫರೆನ್ಸ್ ಶುರುವಾಗುವ ದಿನಕ್ಕೆ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ತೀರ್ಮಾನ ಸಾಮಾನ್ಯವಾಗಿ 15 ದಿನದಲ್ಲಿ ಬರುತ್ತದೆ, ಆದರೆ 45 ದಿನದವರೆಗೂ ಎಳೆಯಬಹುದು. ಬ್ರಿಟನ್ನಿನ ವಿಸಿಟರ್ ವೀಸಾಕ್ಕೆ 3 ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತೆಯೇ ಇಲ್ಲ. ಅಮೆರಿಕಕ್ಕಾದರೆ ಬಿ-1, ಅಂದರೆ ವ್ಯವಹಾರ, ಕಾನ್ಫರೆನ್ಸುಗಳಿಗೆ ಹೋಗುವವರ ವೀಸಾ. ಅಲ್ಲಿ ಡಿಎಸ್-160 ಅನ್ನುವ ಆನ್‌ಲೈನ್ ಅರ್ಜಿ ಫಾರ್ಮ್ ತುಂಬುವುದು ಸುಲಭ, ಸಂದರ್ಶನದ ದಿನ ಸಿಗುವುದೇ ಕಷ್ಟ. ಕೆಲವು ಊರುಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕು.

ಹಾಗಾಗಿ ತಯಾರಿ ಪೇಪರ್ ಕಳಿಸಿದ ದಿನವೇ ಶುರುವಾಗಬೇಕು, ಒಪ್ಪಿಗೆ ಬಂದ ಮೇಲಲ್ಲ. ಆವತ್ತೇ ಪಾಸ್‌ಪೋರ್ಟ್ ತೆರೆದು ನೋಡಿ. ಷೆಂಗೆನ್ ದೇಶಗಳಿಗೆ ಅದು ನೀವು ಅಲ್ಲಿಂದ ಹೊರಟ ಮೇಲೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಕೊಟ್ಟು 10 ವರ್ಷ ದಾಟಿರಬಾರದು, ಎರಡು ಪುಟ ಖಾಲಿ ಇರಬೇಕು. 6 ತಿಂಗಳ ಅವಧಿ ಕೇಳುವ ದೇಶಗಳೂ ಇವೆ.

ಆಹ್ವಾನ ಪತ್ರ: ಇಲ್ಲಿ ಅವಸರ ಬೇಡ

ಇಡೀ ಅರ್ಜಿಯ ಬೆನ್ನೆಲುಬು ಇದು. ಪತ್ರದಲ್ಲಿ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ನಿಮ್ಮ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಪೇಪರಿನ ಶೀರ್ಷಿಕೆ, ಕಾನ್ಫರೆನ್ಸಿನ ದಿನಾಂಕ, ಜಾಗ ಎಲ್ಲ ಇರಬೇಕು. ಖರ್ಚು ಯಾರದು ಅನ್ನುವುದೂ ಸ್ಪಷ್ಟವಾಗಿರಬೇಕು. ಆಯೋಜಕರು ಬರೀ ನೋಂದಣಿ ಶುಲ್ಕ ಮಾಫಿ ಮಾಡಿದ್ದರೆ ಪತ್ರವೂ ಅಷ್ಟನ್ನೇ ಹೇಳಲಿ. ಕೊನೆಗೆ ಸಹಿ, ಸಹಿ ಮಾಡಿದವರ ಫೋನ್ ನಂಬರ್.

ನನ್ನ ಮೊದಲ ಪತ್ರದಲ್ಲಿ ಹೆಸರಿನ ಮುಂದೆ ಇನಿಶಿಯಲ್ ಇತ್ತು, ಪೇಪರಿನಲ್ಲಿ ಇದ್ದ ಹಾಗೆ. ಪಾಸ್‌ಪೋರ್ಟಿನಲ್ಲಿ ಆ ಇನಿಶಿಯಲ್ ಪೂರ್ತಿ ಬಿಡಿಸಿ ಬರೆದಿತ್ತು. ಅರ್ಜಿ ತೆಗೆದುಕೊಳ್ಳುವವರು ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೊಂದೇ ಅಕ್ಷರದ ಮೇಲೆ ಪೆನ್ನು ಓಡಿಸಿ, ಸುಮ್ನೆ ತಲೆ ಅಲ್ಲಾಡಿಸಿದರು. ಆಯೋಜಕರ ದೇಶದಲ್ಲಿ ಆ ವಾರ ರಜೆ. ಸರಿಪಡಿಸಿದ ಪತ್ರ ಬರಲು ಆರು ದಿನ ಬೇಕಾಯಿತು. ಆವತ್ತಿನಿಂದ ಪತ್ರ ಕೇಳುವಾಗ ಪಾಸ್‌ಪೋರ್ಟಿನ ಮೊದಲ ಪುಟದ ಸಾಲನ್ನೇ ನೋಡಿ ಟೈಪ್ ಮಾಡಿ ಕಳಿಸುತ್ತೇನೆ.

ನೋಂದಣಿ ಶುಲ್ಕ ಕಟ್ಟಿದ ಮೇಲೆಯೇ ಎಷ್ಟೋ ಕಡೆ ಪತ್ರ ಕೊಡುತ್ತಾರೆ. ವೀಸಾ ಸಿಗದಿದ್ದರೆ ಹಣ ವಾಪಸ್ ಕೊಡುತ್ತೀರಾ ಅಂತ ಕಟ್ಟುವ ಮುಂಚೆಯೇ ಇಮೇಲಿನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಕೆನಡಾದಲ್ಲಿ ಕಾನ್ಫರೆನ್ಸನ್ನು ವಲಸೆ ಇಲಾಖೆಯಲ್ಲಿ ನೋಂದಾಯಿಸಿದ್ದರೆ ಅದಕ್ಕೊಂದು ಕೋಡ್ ಇರುತ್ತದೆ. ಅದನ್ನು ಆಯೋಜಕರಿಂದ ಪಡೆದು ಅರ್ಜಿಯಲ್ಲಿ ಬರೆಯಿರಿ.

ಉಳಿದ ಕಾಗದಗಳು

ನೀವು ಮರಳಿ ಬರುತ್ತೀರಿ ಅನ್ನುವುದನ್ನು ಕಾಗದಗಳೇ ಹೇಳಬೇಕು. ಕೆಲಸದಲ್ಲಿದ್ದರೆ ರಜೆ ಮಂಜೂರಾದ ಪತ್ರ, ವಿದ್ಯಾರ್ಥಿಯಾದರೆ ವಿಶ್ವವಿದ್ಯಾಲಯದ ಪತ್ರ, ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್. ಅರ್ಜಿಗೆ ವಾರ ಮುಂಚೆ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ಹಾಕಿಸಬೇಡಿ, ಅನುಮಾನ ಜಾಸ್ತಿಯಾಗುತ್ತದೆ. ಟ್ರಾವೆಲ್ ಗ್ರಾಂಟ್ ಸಿಕ್ಕಿದ್ದರೆ ಅದರ ಪತ್ರ ಮೇಲೆಯೇ ಇರಲಿ.

ವೀಸಾ ಕೈಗೆ ಬರುವವರೆಗೆ ವಾಪಸ್ ಸಿಗದ ಟಿಕೆಟ್ಟಿಗೆ ಹಣ ಕಟ್ಟಬೇಡಿ. ಷೆಂಗೆನ್ ಅರ್ಜಿಗೆ ಬುಕಿಂಗ್ ತೋರಿಸಿದರೆ ಸಾಕು. ಹೋಟೆಲನ್ನೂ ರದ್ದು ಮಾಡಲು ಆಗುವಂಥದ್ದೇ ಹಿಡಿಯಿರಿ. ಷೆಂಗೆನ್‌ಗೆ ಕನಿಷ್ಠ 30,000 ಯೂರೋವರೆಗಿನ ಖರ್ಚು ಭರಿಸುವ ವೈದ್ಯಕೀಯ ವಿಮೆ ಮಾತ್ರ ಇರಲೇಬೇಕು.

ಕಾನ್ಫರೆನ್ಸ್ ವಿಯೆನ್ನಾದಲ್ಲಿ, ಆಮೇಲೆ ಎರಡು ದಿನ ಪ್ಯಾರಿಸ್ ಸುತ್ತಾಟ ಅಂದುಕೊಳ್ಳಿ. ಅರ್ಜಿ ಆಸ್ಟ್ರಿಯಾಕ್ಕೇ ಹಾಕಬೇಕು, ಏಕೆಂದರೆ ಪ್ರಯಾಣದ ಮುಖ್ಯ ಜಾಗ ಅದು. ಪ್ಯಾರಿಸ್‌ನಲ್ಲೇ ಜಾಸ್ತಿ ದಿನ ಉಳಿಯುವ ಯೋಜನೆ ಹಾಕಿದರೆ ಇವರು ನಿಜಕ್ಕೂ ಯಾಕೆ ಹೊರಟಿದ್ದಾರೆ ಅನ್ನುವ ಪ್ರಶ್ನೆ ಬರುತ್ತದೆ, ಅಲ್ವಾ?

ವಿಮಾನ ಬದಲಿಸುವ ಊರನ್ನೂ ಮರೆಯಬೇಡಿ. ಕೆಲವು ದೇಶಗಳು ಬರೀ ದಾಟಿ ಹೋಗುವುದಕ್ಕೂ ಟ್ರಾನ್ಸಿಟ್ ವೀಸಾ ಕೇಳುತ್ತವೆ. ಎರಡು ಬೇರೆ ಬೇರೆ ಟಿಕೆಟ್ ತೆಗೆದುಕೊಂಡು ಹಣ ಉಳಿಸಲು ಹೋದರೆ ನಡುವೆ ಲಗೇಜ್ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಅಂದರೆ ಆ ದೇಶದೊಳಗೆ ಕಾಲಿಟ್ಟ ಹಾಗೆ. ನನ್ನ ಕೇಳಿದರೆ, ಒಂದೇ ಟಿಕೆಟ್ ಒಳ್ಳೆಯದು.

ವೀಸಾ ಬಂದ ಮೇಲೆ

ಸ್ಟಿಕ್ಕರನ್ನು ಅಲ್ಲೇ ನಿಂತು ಓದಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕ, ಎಷ್ಟು ಸಲ ಒಳಗೆ ಹೋಗಬಹುದು ಅನ್ನುವುದು. ಒಂದೇ ಪ್ರವೇಶದ ಷೆಂಗೆನ್ ವೀಸಾದಲ್ಲಿ ಮಧ್ಯೆ ಷೆಂಗೆನ್ ಗುಂಪಿನಲ್ಲಿಲ್ಲದ ಲಂಡನ್ನಿಗೆ ಹೋದರೆ ಅದೇ ವೀಸಾದಲ್ಲಿ ಮತ್ತೆ ವಿಯೆನ್ನಾಕ್ಕೆ ಬರಲಾಗದು.

ಆಹ್ವಾನ ಪತ್ರ, ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ವಿಮೆ, ಇಷ್ಟರ ಪ್ರಿಂಟ್ ಕೈಚೀಲದಲ್ಲಿರಲಿ. ಇಮಿಗ್ರೇಷನ್ ಕೌಂಟರಿನಲ್ಲಿ ಯಾಕೆ ಬಂದಿರಿ ಅಂದರೆ 'ಕೆಲಸಕ್ಕೆ' ಅನ್ನಬೇಡಿ, ಅದಕ್ಕೆ ಅಲ್ಲಿ ಬೇರೆಯೇ ಅರ್ಥ. ಕಾನ್ಫರೆನ್ಸಿಗೆ, ಇಷ್ಟು ದಿನ, ಇಂಥ ಊರಿನಲ್ಲಿ ಅನ್ನಿ, ಸಾಕು. ಒಂದು ದಿನ ಮುಂಚೆ ತಲುಪುವ ಹಾಗೆ ಹೊರಡಿ. ಮೊದಲ ದಿನ ಬೆಳಿಗ್ಗೆಯೇ ನಿಮ್ಮ ಸರದಿ ಇದ್ದರಂತೂ ಇದು ಕಡ್ಡಾಯ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ವೀಸಾ ಸಿಗುವುದಿಲ್ಲ. ಷೆಂಗೆನ್ ದೇಶಗಳು ನಿರಾಕರಣೆಯ ಕಾರಣವನ್ನು ಬರೆದು ಕೊಡುತ್ತವೆ, ಮೇಲ್ಮನವಿಗೂ ಅವಕಾಶವಿದೆ. ಕಾನ್ಫರೆನ್ಸ್ ಹತ್ತಿರವಿದ್ದರೆ ಅದೇ ದಿನ ಆಯೋಜಕರಿಗೆ ತಿಳಿಸಿ, ಆನ್‌ಲೈನ್ ಮಂಡನೆಗೆ ಕೇಳಿ. ಅಲ್ಲಿಗೆ ಹೋಗುತ್ತಿರುವ ಸಹಲೇಖಕರು ಇದ್ದರೆ ಅವರಿಗೆ ಸ್ಲೈಡ್ ಕಳಿಸಿ, ಕೂತು ಒಂದು ಸಲ ಪೂರ್ತಿ ಅಭ್ಯಾಸ ಮಾಡಿಸಿ.