ಚರ್ಮಗಂಟು ರೋಗ: ಲ್ಯಾಬ್‌ಗೆ ಮಾದರಿ ತೆಗೆಯುವ ಬಗೆ

ಹಸುವಿನ ಮೈತುಂಬ ಗಂಟು ಎದ್ದಿದೆ, ಆದರೂ ಲ್ಯಾಬ್ ರಿಪೋರ್ಟ್ ನೆಗೆಟಿವ್ ಬಂತು ಅಂತ ಹೊಸ ಪಶುವೈದ್ಯರು ಫೋನ್ ಮಾಡುತ್ತಿರುತ್ತಾರೆ. ನಾನು ಮೊದಲು ಕೇಳುವುದು ಒಂದೇ: ಯಾವ ಗಂಟಿನಿಂದ ತೆಗೆದಿರಿ?

ಜ್ವರ ಇರುವಾಗ ವೈರಸ್ ರಕ್ತದಲ್ಲೂ ಸಿಗುತ್ತದೆ, ಆದರೆ ಕೆಲವೇ ದಿನ. ಚರ್ಮದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಒಣಗಿದ ಹಕ್ಕಳೆಯಲ್ಲಂತೂ ತಿಂಗಳು ಕಳೆದರೂ ಇರುತ್ತದೆ. ಹಾಗಾಗಿ ರಕ್ತದ ಜೊತೆ ಗಂಟೋ ಹಕ್ಕಳೆಯೋ ಹೋಗಲೇಬೇಕು.

ಕೀವಾದ, ಹುಳ ಬಿದ್ದ ಹುಣ್ಣು ಬೇಡ. ಹೊಸದಾಗಿ ಎದ್ದ ಗಟ್ಟಿ ಗಂಟು ಆರಿಸಿ. ಕೂದಲು ಕತ್ತರಿಸಿ, ಸಲೈನ್‌ನಲ್ಲಿ ತೊಳೆಯಿರಿ. ಅಯೋಡಿನ್ ಆಗಲೇ ಹಚ್ಚಬೇಡಿ, ಅದಕ್ಕೆ ವೈರಸ್ ಸಾಯುತ್ತದೆ. ಮಾದರಿ ತೆಗೆದ ಮೇಲೆ ಗಾಯಕ್ಕೆ ಹಚ್ಚಿದರಾಯಿತು. ಜಾಗ ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್ ಗಂಟಿನ ಸುತ್ತ ಕೊಡಿ, ಒಳಗೆ ಚುಚ್ಚಬೇಡಿ. ಹಗ್ಗ ಹಿಡಿಯಲು ಮನೆಯವರನ್ನೇ ನಿಲ್ಲಿಸಿ. ಪರಿಚಯದ ದನಿ ಕೇಳಿದರೆ ಹಸು ಸುಮ್ನೆ ನಿಲ್ಲುತ್ತದೆ, ಅಲ್ವಾ?

ಗಂಟಿನಿಂದ ಕತ್ತರಿಸಿ ತೆಗೆದ ತುಂಡನ್ನು ಸ್ಟೆರೈಲ್ ಡಬ್ಬಿಗೆ ಹಾಕಿ. ಅಭ್ಯಾಸಬಲದಿಂದ, ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ಸುರಿದುಬಿಟ್ಟರೆ ಆ ತುಂಡಿನಿಂದ ವೈರಸ್ ಬೆಳೆಸುವ ಮಾತೇ ಇಲ್ಲ.

ರಕ್ತಕ್ಕೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಅದರಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್, ವೈರಸ್‌ನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಗೆ ಅಡ್ಡಿ ಮಾಡುತ್ತದೆ. ಕುಲುಕದೆ ನಿಧಾನವಾಗಿ ಮೇಲೆ ಕೆಳಗೆ ಮಾಡಿ. ಫ್ರೀಜರ್‌ನಲ್ಲಿ ಇಡಬೇಡಿ, ರಕ್ತಕಣ ಒಡೆಯುತ್ತವೆ.

ಡಬ್ಬಿಗೆ ಹೆಸರು ಬರೆದು, ಹತ್ತಿ ಸುತ್ತಿ, ಸೋರದ ಇನ್ನೊಂದು ಡಬ್ಬಿಯಲ್ಲಿಟ್ಟು, ಐಸ್ ಪ್ಯಾಕ್ ಇರುವ ಥರ್ಮೊಕೋಲ್ ಪೆಟ್ಟಿಗೆಗೆ ಹಾಕಿ. ಶನಿವಾರ ಸಂಜೆ ಬೆಂಗಳೂರಿನ ಹೆಬ್ಬಾಳದ ಲ್ಯಾಬ್‌ಗೆ ಕಳಿಸಿದರೆ ಭಾನುವಾರವೆಲ್ಲ ಪೆಟ್ಟಿಗೆ ಎಲ್ಲೋ ಮೂಲೆಯಲ್ಲಿ ಬಿಸಿಯಾಗುತ್ತದೆ. ವಾರದ ಮೊದಲಲ್ಲೇ ಕಳಿಸಿ.

ಫಾರಂ ತುಂಬುವಾಗ ಬಹಳಷ್ಟು ಜನ ಬಿಡುವ ಒಂದು ಕಾಲಂ ಇದೆ: ಲಸಿಕೆ ಹಾಕಿದ ದಿನ. ನಮ್ಮಲ್ಲಿ ಚರ್ಮಗಂಟು ತಡೆಯಲು ಮೇಕೆ ಸಿಡುಬಿನ ಲಸಿಕೆಯನ್ನೇ ಹಾಕುತ್ತಾ ಬಂದಿದ್ದೇವೆ. ಎರಡೂ ವೈರಸ್ ಒಂದೇ ಕುಲದವು. ಕೆಲವು ಪಿಸಿಆರ್ ಪರೀಕ್ಷೆಗಳಿಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಲಸಿಕೆ ಯಾವಾಗ ಹಾಕಿದ್ದು ಅಂತ ಬರೆದಿದ್ದರೆ ಲ್ಯಾಬಿನವರು ಬೇರೆ ಪರೀಕ್ಷೆ ಮಾಡಿ ನೋಡುತ್ತಾರೆ. ಕಿವಿಯೋಲೆ ನಂಬರು, ಜ್ವರ ಶುರುವಾದ ದಿನ, ಕರು ಹಾಕಿ ಎಷ್ಟು ದಿನವಾಯಿತು, ಇವೂ ಇರಲಿ.

ಒಂದು ಹಸುವಿಗೆ ಬಳಸಿದ ಸೂಜಿ, ಬ್ಲೇಡು, ಗ್ಲೌಸು ಇನ್ನೊಂದಕ್ಕೆ ಬೇಡವೇ ಬೇಡ. ಕಚ್ಚುವ ನೊಣದ ಹಾಗೆ ಸೂಜಿಯೂ ರೋಗ ಹರಡುತ್ತದೆ. ಮನುಷ್ಯರಿಗೆ ಇದು ಅಂಟುವುದಿಲ್ಲ ಅಂತ ಮನೆಯವರಿಗೆ ಹೇಳಿಯೇ ಹೊರಡಿ. ಹಾಲು ಕಾಯಿಸಿ ಕುಡಿಯಬಹುದು.