ರೊಟ್ಟಿ ಬುತ್ತಿ, ಒಂದೇ ಟಿಕೆಟ್, ಐದು ಮಂದಿ: ಮ್ಯೂನಿಕ್‌ನಾಗ ನಮ್ಮ ಐತವಾರಗಳು

ನಾವು ರಾಯಚೂರು ಜಿಲ್ಲೆ ಲಿಂಗಸೂಗೂರು ತಾಲೂಕಿನವ್ರು, ನಮ್ಮಪ್ಪ ಹಟ್ಟಿ ಚಿನ್ನದ ಗಣಿಯೊಳಗ ದುಡಿದು ರಿಟೈರ್ ಆದವ್ರು. ನನ್ನ ಕೆಲಸದ ಸಲುವಾಗಿ ನಾನು, ಹೆಂಡ್ತಿ, ಇಬ್ರು ಮಕ್ಳು ಜರ್ಮನಿಯ ಮ್ಯೂನಿಕ್‌ನಾಗ ನಾಲ್ಕು ವರ್ಷ ಇದ್ವಿ, ಈಗ ವಾಪಸ್ ರಾಯಚೂರಿಗೆ ಬಂದೀವಿ. ನಮ್ಮ ಕಡೆಯಿಂದ ಹೊರಗ ಹೋಗೋ ಹುಡುಗ್ರು ಫೋನ್ ಮಾಡಿ ಪಗಾರ ಎಷ್ಟು, ಮನಿ ಬಾಡಿಗಿ ಎಷ್ಟು ಅಂತ ಕೇಳ್ತಾರ, ಮಕ್ಳನ್ನ ಕಟ್ಕೊಂಡು ಅಲ್ಲಿ ರಜಾ ದಿನ ಹೆಂಗ ಕಳೀಬೇಕು ಅಂತ ಯಾರೂ ಕೇಳಂಗಿಲ್ಲ. ಮೊದಲ ವರ್ಷ ನಮಗ ಭಾಳ ಕಷ್ಟ ಆಗಿದ್ದು ಅದೇ ನೋಡ್ರಿ.

ಡಿಸೆಂಬರ್‌ನಾಗ ಸಂಜಿ ನಾಲ್ಕೂವರೆಗೆಲ್ಲ ಕತ್ತಲಾಗ್ತದ. ಬಾಗಲ ಮುಂದ ಕಟ್ಟಿ ಇಲ್ಲ, ಕುಂತು ಮಾತಾಡಾಕ ಮಂದಿ ಇಲ್ಲ. ಅಂಗಡಿ ರಾತ್ರಿ 8ಕ್ಕ ಬಂದ್, ಐತವಾರ ಅಂತೂ ತೆಗಿಯಂಗೇ ಇಲ್ಲ, ಹಂಗಾಗಿ ಹಾಲು ಕಾಯಿಪಲ್ಲೆ ಎಲ್ಲ ಶನಿವಾರನೇ ತಂದಿಟ್ಕೋಬೇಕು. ಐತವಾರ ಸದ್ದೂ ಮಾಡಂಗಿಲ್ಲ. ಇದು ಗೊತ್ತಿಲ್ದ ಒಂದು ಐತವಾರ ಮುಂಜಾನಿ ನನ್ನ ಹೆಂಡ್ತಿ ಜ್ವಾಳದ ರೊಟ್ಟಿ ಬಡಿಯಾಕ ಕುಂತ್ಲು, ಹತ್ತು ರೊಟ್ಟಿ ಆಗೋದ್ರೊಳಗ ಕೆಳಗಿನ ಮನಿಯವ್ರು ಬಂದು ಬಾಗಲ ತಟ್ಟಿದ್ರು, ಗ್ವಾಡಿಗೆ ಮೊಳಿ ಹೊಡ್ಯಾಕತ್ತೀರೇನು ಅಂತ ಕೇಳಿದ್ರು. ಆಕಿ ಅವತ್ತು ಅತ್ತಿದ್ಲು, ನನಗೂ ಸಂಕಟ ಆತು. ಆಮ್ಯಾಲೆ ಮಣಿ ಕೆಳಗ ದಪ್ಪನ ಟವಲ್ ಮಡಚಿ ಹಾಕಿ, ಶನಿವಾರ ಸಂಜಿಮುಂದ ಬಡದು ಒಣಗಿಸಿ ಇಡೋ ರೂಢಿ ಮಾಡಿದ್ವಿ. ಆ ಕಟಕ ರೊಟ್ಟಿನೇ ಮುಂದ ನಮ್ಮ ತಿರುಗಾಟಕ್ಕ ಬುತ್ತಿ ಆತು. ಶೇಂಗಾ ಪುಡಿ, ಗುರೆಳ್ಳ ಪುಡಿ, ಅಗಸಿ ಹಿಂಡಿ ಊರಿಂದ ಒಯ್ಯಬೇಕು, ತುಪ್ಪ, ಪೇಡಾ ಮಾತ್ರ ಒಯ್ಯಬ್ಯಾಡ್ರಿ, ಹಾಲಿನ ಪದಾರ್ಥ ಯುರೋಪಿನೊಳಗ ಬಿಡಂಗಿಲ್ಲ.

ತಿರುಗಾಟಕ್ಕ ನಮ್ಮನ್ನ ಕಾಪಾಡಿದ್ದು ಬಯರ್ನ್ ಟಿಕೆಟ್. ಒಂದೇ ಟಿಕೆಟ್‌ನಾಗ ಐದು ಮಂದಿ ತನಕ ಮ್ಯೂನಿಕ್ ಇರೋ ಬವೇರಿಯಾ ರಾಜ್ಯದ ತುಂಬ ಇಡೀ ದಿನ ಓಡಾಡಬಹುದು, ಶನಿವಾರ ಐತವಾರ ಮಧ್ಯರಾತ್ರಿಯಿಂದಲೇ ನಡೀತದ, ಉಳಿದ ದಿನ ಮುಂಜಾನಿ 9ರ ನಂತರ. ಟಿಕೆಟ್ ಮ್ಯಾಲೆ ಎಲ್ರ ಹೆಸರು ಇರಬೇಕು, ಲೋಕಲ್ ಗಾಡಿ ಅಷ್ಟೇ ಹತ್ತಬೇಕು, ಐಸಿಇ ಅನ್ನೋ ಫಾಸ್ಟ್ ಗಾಡಿ ಹತ್ತಂಗಿಲ್ಲ. ಇನ್ನೊಂದು ಮಾತು, ಟೆಗರ್ನ್‌ಸೀ ಕೆರಿಗೆ ಹೋಗೋ ಗಾಡಿ ದಾರ್ಯಾಗ ತುಂಡಾಗ್ತದ, ಒಂದು ಭಾಗ ಒಂದು ಊರಿಗೆ, ಇನ್ನೊಂದು ಭಾಗ ಬ್ಯಾರೆ ಊರಿಗೆ. ನಾವು ಬ್ಯಾರೆ ಬೋಗಿಯೊಳಗ ಕುಂತು ಲೆಂಗ್ರೀಸ್ ಮುಟ್ಟಿದ್ವಿ, ಅಲ್ಲೇ ಹೊಳಿ ದಂಡಿಗೆ ಬುತ್ತಿ ಬಿಚ್ಚಿ ಉಂಡು ಬಂದ್ವಿ. ಬೋಗಿ ಮ್ಯಾಲಿನ ಬೋರ್ಡ್ ಓದಿ ಹತ್ತ್ರಿ.

ಮೂರನೇ ವರ್ಷ ಬ್ಯಾಸಗಿಗೆ ಅಪ್ಪ ಅವ್ವ ಬಂದ್ರು. ದೊಡ್ಡವ್ರು ನಾಲ್ಕು ಮಂದಿ, ಮಗಳು ಒಬ್ಬಾಕಿ, ಐದಾತು, ಮಗನಿಗೆ ಇನ್ನೂ ಆರು ತುಂಬಿರಲಿಲ್ಲ ಅಂತ ಟಿಕೆಟ್ ಬೇಕಾಗಲಿಲ್ಲ. ಕೆರಿ ತೋರಿಸಿದ್ವಿ, ಹಿಮದ ಗುಡ್ಡ ತೋರಿಸಿದ್ವಿ, ಅಪ್ಪ ಚಂದ ಐತಿ ಅಂತಿದ್ರು, ಮತ್ತ ಸುಮ್ನಾಗ್ತಿದ್ರು. ಆಗ ಹೆಂಡ್ತಿನೇ ಹೇಳಿದ್ಲು, ಮಾವಾರ್ನ ಉಪ್ಪಿನ ಗಣಿಗೆ ಕರ್ಕೊಂಡು ಹೋಗೂಣು ಅಂತ.

ಬೆರ್ಕ್ಟೆಸ್‌ಗಾಡೆನ್ ಅಂತ ಊರು, ಫ್ರೈಲಾಸಿಂಗ್‌ನಾಗ ಗಾಡಿ ಬದಲಿ ಮಾಡಿ ಹೋಗಬೇಕು. 1517ರಿಂದ ನಡ್ಯಾಕತ್ತಿರೋ ಗಣಿ ಅದು. ಎಲ್ರಿಗೂ ಗಣಿಯವ್ರ ಅಂಗಿ ಕೊಡ್ತಾರ, ಸಣ್ಣ ರೈಲಿನ ಮ್ಯಾಲೆ ಕುದುರಿ ಹತ್ತಿದಂಗ ಕುಂತು ಒಳಗ ಹೋಗೋದು. ಆ ಅಂಗಿ ಹಾಕ್ಕೊಂಡು ನಿಂತ ಅಪ್ಪನ ಮಾರಿ ನೋಡಬೇಕಿತ್ತು ನೀವು. ಒಳಗ 12 ಡಿಗ್ರಿ ಥಂಡಿ, ಅಪ್ಪ ಗ್ವಾಡಿ ಮುಟ್ಟಿ ಮುಟ್ಟಿ ನೋಡಿ, ಹಟ್ಟಿಯೊಳಗ ಕೆಳಗ ಇಳದಂಗೆಲ್ಲ ಸೆಕಿ, ಬೆವರಿಗೆ ಅಂಗಿ ಮೈಗೆ ಅಂಟ್ತಿತ್ತು, ಇಲ್ಲಿ ಸ್ವೆಟರ್ ಬೇಕಲ್ಲೋ ಅಂದ್ರು. ಕಟ್ಟಿಗಿ ಜಾರುಬಂಡಿ ಮ್ಯಾಲೆ ಮಕ್ಳು ಜಾರಿದ್ರು, ಮಣಕಾಲು ನೋವಿಗೆ ಅವ್ವ ಪಕ್ಕದ ಮೆಟ್ಟಲ ಇಳದ್ಲು, ಕೆಳಗ ಉಪ್ಪುನೀರಿನ ಕೆರಿ, ತೆಪ್ಪದಾಗ ದಾಟಬೇಕು. ಅಪ್ಪ ಮಾತ್ರ ಗೈಡ್‌ಗೆ ಪ್ರಶ್ನೆ ಕೇಳು ಅಂತ ನನ್ನ ಬೆನ್ನು ಹತ್ತಿದ್ರು. ಗಾಳಿ ಎಲ್ಲಿಂದ ಬರ್ತದ? ಉಪ್ಪು ಮ್ಯಾಲೆ ಹೆಂಗ ಒಯ್ತೀರಿ? ಕಲ್ಲಿಗೆ ನೀರು ಬಿಟ್ಟು ಉಪ್ಪು ಕರಗಿಸ್ತಾರಂತ, ಆ ನೀರು ಪೈಪ್‌ನಾಗ ಬಾಡ್ ರೈಖೆನ್‌ಹಾಲ್ ಊರಿಗೆ ಹೋಗಿ ಅಲ್ಲಿ ಉಪ್ಪಾಗ್ತದಂತ. ನಾವು ಕಲ್ಲೇ ಒಡದು ಮ್ಯಾಲೆ ಎತ್ತಿ ಪುಡಿ ಮಾಡ್ತಿದ್ವಿ ಅಂತ ಅಪ್ಪ ಹೇಳಿದ್ದನ್ನ ನಾನು ನನಗ ಬರೋ ಜರ್ಮನ್‌ನಾಗ ಹೇಳಿದೆ, ಗೈಡ್ ಅಪ್ಪನ ಕೈ ಕುಲುಕಿದ.

ನಾನು ಹುಟ್ಟಿ ಬೆಳೆದದ್ದು ಹಟ್ಟಿ ಕಾಲೋನಿಯೊಳಗ, ಸೈರನ್ ಕೇಳಿ ಬೆಳೆದವ ನಾನು, ಆದ್ರೂ ಅಪ್ಪ ಒಳಗ ಏನು ಕೆಲಸ ಮಾಡ್ತಿದ್ರು ಅಂತ ಒಂದಿನಾನೂ ಕೇಳಿದ್ದಿಲ್ಲ. ವಾಪಸ್ ಬರೋ ಗಾಡಿಯೊಳಗ ಮಗಳ ಡ್ರಾಯಿಂಗ್ ಪುಸ್ತಕ ಇಸ್ಕೊಂಡು ಅಪ್ಪ ಗಣಿಯೊಳಗ ನೆಟ್ಟಗ ಇಳಿಯೋ ಬಾವಿಯಂಥ ಶಾಫ್ಟ್ ಬರದ್ರು, ಮಂದಿನ್ನ ಇಳಿಸೋ ಲಿಫ್ಟಿನಂಥ ಕೇಜ್ ಬರದ್ರು, ಆಳದ ಒಂದೊಂದು ಲೆವೆಲ್ಲಿಗೂ ಗೀಟು ಎಳದು ತಾವು ನಿಂತಿದ್ದ ಜಾಗಕ್ಕ ಚುಕ್ಕಿ ಇಟ್ರು. ಮ್ಯೂನಿಕ್ ಬರೋತನಕ ಮಗಳು ಕೇಳ್ತಾನೇ ಇದ್ಲು, ಅವ್ರು ಹೇಳ್ತಾನೇ ಇದ್ರು, ನಾನು ಎದುರಿಗೆ ಕುಂತು ಕೇಳ್ಕೊಂತ ಬಂದೆ.