ಒಪಿನೆಲ್ ಚಾಕು ಬಿಗಿದುಕೊಂಡರೆ ಉಗುರು ಮುರಿದುಕೊಳ್ಳಬೇಡಿ

ಮರದ ಹಿಡಿಯ ಒಪಿನೆಲ್ ಮಡಚು ಚಾಕು ತೇವ ಕುಡಿದು ತೆರೆಯದಿದ್ದರೆ, ಮೊದಲು ಹಿಡಿಯ ಮುಂತುದಿಯಲ್ಲಿ, ಕೀಲಿನ ಬಳಿ ಇರುವ ಲೋಹದ ಬಳೆ ತಿರುಗಿಸಿ ಅದರ ಸೀಳನ್ನು ಅಲಗಿನ ನೇರಕ್ಕೆ ತನ್ನಿ. 2000ದಿಂದೀಚಿನ ಚಾಕುಗಳಲ್ಲಿ ಮಡಚಿದಾಗಲೂ ಬಳೆ ಲಾಕ್ ಆಗುತ್ತದೆ, ಎಷ್ಟೋ ಸಲ ತೊಂದರೆ ಅಷ್ಟೇ ಇರುತ್ತದೆ. ಆಮೇಲೆ ಬಳೆಯ ಹತ್ತಿರ ಹಿಡಿದು, ಅಲಗು ಕೂರುವ ಸೀಳು ಕೆಳಮುಖವಾಗಿರುವಂತೆ, ಹಿಡಿಯ ಹಿಂತುದಿಯ ಕೆಳಮೂಲೆಯನ್ನು ಗಟ್ಟಿ ಹಲಗೆಗೆ ಟಕ್ಕೆಂದು ಬಡಿಯಿರಿ. ಹಿಡಿ ಅಲ್ಲೇ ನಿಂತರೂ ಅಲಗು ತನ್ನ ವೇಗದಲ್ಲಿ ಮುಂದುವರಿದು ಹೊರಗೆ ಇಣುಕುತ್ತದೆ. ಅಲಗಿನ ಬೆನ್ನಿನ ಎರಡೂ ಬದಿ ಚಿವುಟಿ ಹಿಡಿದು ಎಳೆದರೆ ಸಾಕು. ಬೆರಳು ಸೀಳಿನ ಕೆಳಗೆ ಇರಬಾರದು. ಹಿಡಿಯ ಬೀಚ್ (beech) ಮರ ನೀರಿಗೆ ಉಬ್ಬಿ ಕೀಲಿನ ಬಳಿ ಅಲಗನ್ನು ಅದುಮಿ ಹಿಡಿಯುವುದೇ ಇದಕ್ಕೆಲ್ಲ ಕಾರಣ. ತುಂಬ ಉಬ್ಬಿದ್ದರೆ ಈ ಉಪಾಯ ನಡೆಯದು. ಜೋರಾಗಿ ಬಡಿದರೆ ಮರದ ಮೂಲೆ ಚಕ್ಕೆಯೇಳುತ್ತದೆ, ಅಷ್ಟೇ. ಒಂದೆರಡು ದಿನ ನೆರಳಲ್ಲಿ ಗಾಳಿಗಿಡಿ. ಬಿಸಿಲು, ಒಲೆಯ ಪಕ್ಕ ಬೇಡ, ಹಿಡಿ ಬಿರಿಯುತ್ತದೆ. ಉಬ್ಬಿರುವಾಗಲೇ ಸೀಳಿಗೆ ಮರಳು ಕಾಗದ ಹಾಕುವವರಿದ್ದಾರೆ. ಒಣಗಿದ ಮೇಲೆ ಅಲಗು ಗಡಗಡ ಅಲ್ಲಾಡತೊಡಗುತ್ತದೆ, ಆಗ ಸರಿಪಡಿಸುವುದು ಕಷ್ಟ. ಪೂರ್ತಿ ಒಣಗಿದ ಬಳಿಕ ಕೀಲಿಗೆ ಎರಡು ಹನಿ ಮಿನರಲ್ ಆಯಿಲ್ (ಲಿಕ್ವಿಡ್ ಪ್ಯಾರಾಫಿನ್) ಬಿಟ್ಟು, ಹತ್ತಿಪ್ಪತ್ತು ಸಲ ತೆರೆದು ಮುಚ್ಚಿ, ಹೆಚ್ಚಾದದ್ದನ್ನು ಒರೆಸಿ. ಅಡುಗೆ ಎಣ್ಣೆ ಕ್ರಮೇಣ ಅಂಟಾಗುತ್ತದೆ, ಹಾಕಬೇಡಿ. ಕಾರ್ಬನ್ ಸ್ಟೀಲ್ ಅಲಗಾದರೆ ಅದಕ್ಕೂ ಅದೇ ಎಣ್ಣೆ ತೆಳುವಾಗಿ ಸವರಿ, ತುಕ್ಕು ದೂರವಿರುತ್ತದೆ.